ಕರಡು ಕನ್ನಡದಲ್ಲಿ ಬರಲಿ, ಆಮೇಲೆ ದಿನ ಎಣಿಸಿ

ಸಂಸತ್ತಲ್ಲಿ ಪಾಸಾಗುವ ಕಾಯ್ದೆಗಳ ಬಗ್ಗೆ ನಾವು ಜಾಸ್ತಿ ಮಾತಾಡುತ್ತೇವೆ. ಆದರೆ ಬದುಕಿಗೆ ನೇರವಾಗಿ ತಟ್ಟುವುದು ಇಲಾಖೆಗಳು ಹೊರಡಿಸುವ ನಿಯಮಗಳು, ಅಧಿಸೂಚನೆಗಳು. ಅಲ್ಲಿ ಜನ ಬಾಯಿಬಿಡಲು ಇರುವ ಜಾಗ ಒಂದೇ: ಕರಡಿನಲ್ಲಿರುವ "ಇಷ್ಟು ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು" ಅನ್ನುವ ಸಾಲು.

2020ರ ಇಐಎ (ಪರಿಸರ ಪರಿಣಾಮ ಅಂದಾಜು) ಕರಡು ನೆನಪಿದೆಯಾ? ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ನಿಯಮವನ್ನೇ ಬದಲಿಸಲು ಹೊರಟಿದ್ದ ಕರಡು ಅದು. ಏಪ್ರಿಲ್ 11ಕ್ಕೆ ರಾಜ್ಯಪತ್ರದಲ್ಲಿ ಬಂತು. ದೇಶಕ್ಕೆ ದೇಶವೇ ಲಾಕ್‌ಡೌನ್‌ನಲ್ಲಿತ್ತು. ಆಕ್ಷೇಪಣೆಗೆ 60 ದಿನ. ಪ್ರತಿ ಇದ್ದದ್ದು ಇಂಗ್ಲಿಷ್, ಹಿಂದಿಯಲ್ಲಿ. ಸಾರ್ವಜನಿಕ ಆಲಿಕೆಗೆ, ಅಂದರೆ ಯೋಜನೆ ಬಗ್ಗೆ ಸ್ಥಳೀಯರ ಮಾತು ಕೇಳುವ ಪ್ರಕ್ರಿಯೆಗೆ, ಜನ ಅಭಿಪ್ರಾಯ ಹೇಳಲು ಇದ್ದ 30 ದಿನವನ್ನು 20ಕ್ಕೆ ಇಳಿಸುವ ಪ್ರಸ್ತಾಪವೂ ಅದರೊಳಗೇ ಇತ್ತು. ಗಣಿ ಪಕ್ಕ ಬದುಕುವವರಿಗೆ ಇದು ಗೊತ್ತಾಗಬೇಕಿತ್ತಲ್ವಾ?

ನನಗೆ ಸಿಟ್ಟು ಬರುವುದು ಇಲ್ಲೇ. ಒಂದು ಗಣಿಗೆ ಆಲಿಕೆ ನಡೆಸಬೇಕಾದರೆ ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು, ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು ಅಂತ ಆ ಕರಡು ಬದಲಿಸಲು ಹೊರಟಿದ್ದ 2006ರ ಇಐಎ ಅಧಿಸೂಚನೆಯೇ ಹೇಳುತ್ತದೆ. ಹಾಗಿದ್ದಮೇಲೆ ಎಲ್ಲ ಗಣಿಗಳಿಗೂ ಅನ್ವಯಿಸುವ ನಿಯಮ ಬದಲಿಸುವಾಗ ಆ ಭಾಷೆ ಯಾಕೆ ಬೇಡ?

ದೆಹಲಿ ಹೈಕೋರ್ಟ್ ಗಡುವನ್ನು ಆಗಸ್ಟ್ 11ಕ್ಕೆ ಮುಂದೂಡಿ, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಕರಡನ್ನು ಅನುವಾದಿಸಿ ಅಂದಿತು. ಪರಿಸರ ಸಚಿವಾಲಯ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರಾದೇಶಿಕ ಭಾಷೆಗಳಲ್ಲಿ ಸರಿಯಾದ ಪ್ರಚಾರ ಕೊಟ್ಟಿಲ್ಲ ಅಂತ ನಮ್ಮ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸುವುದಕ್ಕೇ ಮಧ್ಯಂತರ ತಡೆ ಕೊಟ್ಟಿತು. ಜನಕ್ಕೆ ಅರ್ಥವಾಗುವ ಭಾಷೆಯಲ್ಲಿ ಒಂದು ಪ್ರತಿ ಕೊಡಿ ಅನ್ನಲು ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು ಅನ್ನುವುದೇ ಬೇಸರ.

ಇನ್ನೊಂದು ವಿಷಯ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಬಂದ ಆಕ್ಷೇಪಣೆಗಳನ್ನು ಪರಿಗಣಿಸಬೇಕು. ಉತ್ತರ ಕೊಡಬೇಕು ಅಂತ ಅದರಲ್ಲಿ ಇಲ್ಲ. ಅಂತಿಮ ನಿಯಮ ರಾಜ್ಯಪತ್ರದಲ್ಲಿ ಅಚ್ಚಾದರೆ ಎಲ್ಲ ಕ್ರಮವಾಗಿ ನಡೆದಿದೆ ಅಂತಾನೇ ಲೆಕ್ಕ. ಕಾನೂನು, ನಿಯಮ ಮಾಡುವ ಮುಂಚೆ ಜನರ ಅಭಿಪ್ರಾಯ ಕೇಳುವ ಬಗ್ಗೆ ಇರುವ 2014ರ ಕೇಂದ್ರದ ನೀತಿಯಲ್ಲಿ ಕನಿಷ್ಠ 30 ದಿನ, ಸರಳ ವಿವರಣೆ, ಬಂದ ಅಭಿಪ್ರಾಯಗಳ ಸಾರಾಂಶ ಪ್ರಕಟಣೆ, ಎಲ್ಲ ಇದೆ. ಆದರೆ ಅದು ಬರೀ ನೀತಿ, ಕಾನೂನಲ್ಲ. ಅದು ಕಾನೂನಾಗಬೇಕು. ಯಾವ ಆಕ್ಷೇಪಣೆ ಒಪ್ಪಿದರು, ಯಾವುದನ್ನು ಯಾಕೆ ಬಿಟ್ಟರು ಅಂತ ಅಂತಿಮ ನಿಯಮದ ಜೊತೆಗೇ ಅಚ್ಚಾಗಬೇಕು.

ಮುಂದಿನ ಸಲ ಕೇಂದ್ರದ ಕರಡು ಬಂದಾಗ ಸುಮ್ನೆ ಕೂರಬೇಡಿ. ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆಯಿರಿ. ಕನ್ನಡ ಪ್ರತಿ ಪ್ರಕಟವಾದ ದಿನದಿಂದಲೇ ಗಡುವು ಎಣಿಸಬೇಕು ಅಂತ ಮೊದಲ ಸಾಲಲ್ಲೇ ಕೇಳಿ.