ಕರೆಂಟು ಬಂದ ಮನೆಯ ಕಷ್ಟಸುಖ

ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಅಕ್ಕಪಕ್ಕದ ಹಳ್ಳಿಗಳಿಗೆ ಒಂದು ದೀಪವನ್ನೂ ಕೊಡದೆ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತೆಂಬುದನ್ನು ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1905ರಲ್ಲಿ ಅದು ಬೆಂಗಳೂರಿನ ಬೀದಿಗೆ ಬಂತು. ಊರೂರಿನ ಅಡುಗೆಮನೆಯನ್ನು ತಲುಪಲು ತಲೆಮಾರುಗಳೇ ಹಿಡಿದವು. ಈ ವಿಳಂಬದಲ್ಲಿ ಒಂದು ಅನುಕೂಲವೂ ಇತ್ತು: ಕರೆಂಟೇ ಇಲ್ಲದ ಮನೆಯಲ್ಲಿ ಕರೆಂಟು ಹೋಗುವ ಭಯವಿರಲಿಲ್ಲ. ಒರಳುಕಲ್ಲು, ಬೀಸುವ ಕಲ್ಲು, ಬಾವಿಯ ರಾಟೆ, ಬಚ್ಚಲ ಹಂಡೆ, ಇವುಗಳಲ್ಲಿ ಯಾವುದೂ ಮಳೆಯ ನಾಲ್ಕು ಹನಿ ಬಿದ್ದೊಡನೆ ಕೈಕೊಡುತ್ತಿರಲಿಲ್ಲ. ಅವು ಹೆಂಗಸರ ಬೆನ್ನು ಮುರಿಯುತ್ತಿದ್ದವೆಂಬುದು ನಿಜ. ಒರಳಿನ ಚಟ್ನಿಯ ರುಚಿಯೇ ಬೇರೆ ಎಂದು ಕಣ್ಣರಳಿಸಿ ಹೇಳುವ ಗಂಡಸರಲ್ಲಿ ಗುಂಡುಕಲ್ಲು ತಿರುಗಿಸಿದವರು ಎಷ್ಟು ಮಂದಿ ಎಂಬುದನ್ನು ಮಾತ್ರ ಯಾರೂ ಕೇಳಬಾರದು.

ಈಗ ಚಟ್ನಿ ಯಾವಾಗ ರುಬ್ಬಬೇಕೆಂಬುದನ್ನು ಮನೆಯವರ ಹಸಿವು ತೀರ್ಮಾನಿಸುವುದಿಲ್ಲ, ಪತ್ರಿಕೆಯ ಒಳಪುಟದ ಪ್ರಕಟಣೆ ತೀರ್ಮಾನಿಸುತ್ತದೆ. ತುರ್ತು ನಿರ್ವಹಣಾ ಕಾಮಗಾರಿಯ ನಿಮಿತ್ತ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ಇರುವುದಿಲ್ಲ, ಗ್ರಾಹಕರು ಸಹಕರಿಸಬೇಕು ಎಂದು ಅದರಲ್ಲಿರುತ್ತದೆ. ಕತ್ತಲಲ್ಲಿ ಸುಮ್ಮನೆ ಕೂರುವುದರ ಹೊರತು ಗ್ರಾಹಕನು ಇನ್ನಾವ ರೀತಿಯಲ್ಲಿ ಸಹಕರಿಸಬಲ್ಲನೆಂಬುದು ತಿಳಿಯದಿದ್ದರೂ, ನಾವು ಶಕ್ತಿಮೀರಿ ಸಹಕರಿಸುತ್ತಲೇ ಬಂದಿದ್ದೇವೆ. ಫ್ರಿಜ್ಜನ್ನು ಕಾಯಲು ಸ್ಟೆಬಿಲೈಸರ್, ಬಲ್ಬನ್ನು ಕಾಯಲು ಯುಪಿಎಸ್, ಯುಪಿಎಸ್ಸನ್ನು ಕಾಯಲು ಬ್ಯಾಟರಿ, ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಉಣಿಸಲು ನಿವೃತ್ತರಾದ ಒಬ್ಬ ಹಿರಿಯರು: ಹೀಗೆ ಪ್ರತಿಯೊಂದು ಮನೆಯೂ ಸಂಬಳವಿಲ್ಲದ ಒಂದು ವಿದ್ಯುತ್ ಉಪವಿಭಾಗವಾಗಿ ಬಡ್ತಿ ಪಡೆದಿದೆ. ಕೂಗಿ ಹೇಳಿದರೆ ದೀಪ ಹಚ್ಚುವ ಯಂತ್ರವೂ ಈ ಉಪವಿಭಾಗದ ಸಿಬ್ಬಂದಿಯೇ. ಆದರೆ ವೈಫೈ ಹೋದಾಗ ಅದಕ್ಕೆ ಕಿವಿ ಕೇಳಿಸದು, ಆದ್ದರಿಂದ ಮನೆಯೊಡೆಯನು ಎದ್ದು ಹೋಗಿ ಸ್ವಿಚ್ಚು ಒತ್ತುವ ಪುರಾತನ ವಿಧಾನಕ್ಕೇ ಶರಣಾಗುತ್ತಾನೆ. ಮೀಟರು ಕೂಡ ಸ್ಮಾರ್ಟ್ ಆಗುತ್ತಿದೆ. ಹೊಂಗೆ ಮರದ ಕೊಂಬೆಗೆ ಒರಗಿಕೊಂಡಿರುವ ಬೀದಿಯ ತಂತಿಗೆ ಮಾತ್ರ ಆ ಬುದ್ಧಿ ಇನ್ನೂ ಬಂದಿಲ್ಲ.

ನೀರಿನ ವಿಚಾರವಂತೂ ಪವಾಡವೇ ಸರಿ. ಶಿವನಸಮುದ್ರದಲ್ಲಿ ಕಾವೇರಿ ಕೆಳಗೆ ಧುಮುಕಿ ವಿದ್ಯುತ್ತು ಕೊಡುತ್ತಾಳೆ. ಅದೇ ಆಸುಪಾಸಿನಿಂದ ಅವಳನ್ನು ತೊರೆಕಾಡನಹಳ್ಳಿಗೆ ಕರೆತಂದು, ವಿದ್ಯುತ್ತನ್ನು ಧಾರಾಳವಾಗಿ ಸುರಿದು, 500 ಮೀಟರಿಗೂ ಹೆಚ್ಚು ಎತ್ತರಕ್ಕೆ ಪಂಪು ಮಾಡಿ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಹತ್ತಿಸಲಾಗುತ್ತದೆ. ಇಷ್ಟು ದೂರ ಬಂದವಳು ಅಪಾರ್ಟ್‌ಮೆಂಟಿನ ಸಂಪಿನಲ್ಲಿ ನಿಂತು, ಮೇಲಿನ ಟ್ಯಾಂಕಿಗೆ ಹೋಗಲು ಮತ್ತೆ ಕರೆಂಟಿಗಾಗಿ ಕಾಯುತ್ತಾಳೆ. ಮೈಗೆ ಸೋಪು ಹಚ್ಚಿಕೊಂಡ ಗೃಹಸ್ಥನೂ ಐದನೆಯ ಮಹಡಿಯಲ್ಲಿ ಅವಳಿಗಾಗಿ ಕಾಯುತ್ತಾನೆ.

ಇಷ್ಟೆಲ್ಲದರ ಮೇಲೆ 2023ರಲ್ಲಿ ಗೃಹಜ್ಯೋತಿ ಬಂತು. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತವೆಂದರೆ ಎಲ್ಲರಿಗೂ 200 ಎಂದು ತಿಳಿದವರು ಸರ್ಕಾರದ ಗಣಿತವನ್ನು ಅರಿಯದವರು. 2022-23ರ ಬಳಕೆಯ ಸರಾಸರಿ ತೆಗೆದು, ಅದಕ್ಕೆ ಶೇಕಡ 10 ಸೇರಿಸಿ ಬಂದದ್ದಷ್ಟೇ ನಿಮ್ಮ ಪಾಲು ಎಂಬುದು ಆರಂಭದ ನಿಯಮವಾಗಿತ್ತು. ಹಾಗಾಗಿ ಆ ವರ್ಷ ಕೋಣೆಯಿಂದ ಕೋಣೆಗೆ ಹೋಗುವಾಗಲೆಲ್ಲ ದೀಪ ಆರಿಸಿ ತಿಂಗಳಿಗೆ 60 ಯೂನಿಟ್ಟಿನಲ್ಲಿ ಬದುಕಿದ ಅಜ್ಜ ಅಜ್ಜಿಗೆ 66 ಯೂನಿಟ್ ದಕ್ಕಿದರೆ, ಗೀಸರನ್ನು ಹಗಲಿಡೀ ಉರಿಸಿ 180 ಸುಟ್ಟ ಪಕ್ಕದ ಮನೆಯವರಿಗೆ 198 ದಕ್ಕಿತು. ಮಿತವ್ಯಯದ ಪಾಠ ಹೇಳುತ್ತಿದ್ದ ಅಜ್ಜನ ಮಾತಿಗೆ ಅಂದಿನಿಂದ ಮನೆಯಲ್ಲಿ ಬೆಲೆಯಿಲ್ಲ.

ಪಕ್ಕದ ಮನೆಯವರಿಗೂ ನೆಮ್ಮದಿಯಿಲ್ಲವೆನ್ನಿ. ಪಾಲು ಮೀರಿದರೆ ಹೆಚ್ಚಿನ ಯೂನಿಟ್ಟಿಗಷ್ಟೇ ಹಣ, 200 ದಾಟಿದರೆ ಮಾತ್ರ ಮೊದಲ ಯೂನಿಟ್ಟಿನಿಂದ ಪೂರ್ತಿ ಬಿಲ್ಲು. ಆದಕಾರಣ ತಿಂಗಳ ಕೊನೆಯ ವಾರದಲ್ಲಿ ಆ ಮನೆಯ ಯಜಮಾನರು ಬೆಳಗ್ಗೆ ದೇವರ ಪಟಕ್ಕಿಂತ ಮೊದಲು ಮೀಟರಿನ ದರ್ಶನ ಮಾಡುತ್ತಾರೆ. ಲೆಕ್ಕ 190 ಮುಟ್ಟಿದೊಡನೆ ವಾಷಿಂಗ್ ಮೆಷಿನ್ ರಜೆಗೆ ಹೋಗುತ್ತದೆ, ಗೀಸರಿನ ಬದಲು ಗ್ಯಾಸಿನ ಮೇಲೆ ನೀರು ಕಾಯುತ್ತದೆ, ಮಕ್ಕಳು ಮೊಬೈಲುಗಳನ್ನು ಅಪ್ಪನ ಕಚೇರಿಗೆ ಕಳಿಸಿ ಚಾರ್ಜ್ ಮಾಡಿಸಿಕೊಳ್ಳುತ್ತಾರೆ. ಕಳೆದ ಬಾರಿ ಮೀಟರ್ ರೀಡರ್ ಬರುವ ಹಿಂದಿನ ರಾತ್ರಿ 199ಕ್ಕೆ ಲೆಕ್ಕ ನಿಂತಿದ್ದಾಗ ಗುಡುಗಿನೊಂದಿಗೆ ಇಡೀ ಬಡಾವಣೆಯ ಕರೆಂಟು ಹೋಯಿತು. ಬೀದಿಯವರೆಲ್ಲ ವಿದ್ಯುತ್ ದೂರಿನ ಸಹಾಯವಾಣಿ 1912ಕ್ಕೆ ಫೋನು ಹಚ್ಚಿ ಕೂಗಾಡುತ್ತಿರುವಾಗ, ಯಜಮಾನರು ಗೇಟಿನ ಬಳಿ ಬಂದು, ಲೈನ್‌ಮನ್ ಪಾಪ ಮಳೆಯಲ್ಲಿ ನೆನೆಯುವುದು ಬೇಡ, ನಾಳೆ ರೀಡಿಂಗ್ ಆದ ಮೇಲೆ ನಿಧಾನವಾಗಿ ಬಂದರೆ ಸಾಕೆಂದು ಎಲ್ಲರನ್ನೂ ಕೈಮುಗಿದು ಕೇಳಿಕೊಂಡರು.