ಕಿವಿ ಕೆಟ್ಟಿದ್ದು ಪೀಸ್ ಏರಿಯಾದಲ್ಲಂತೆ

ನಿನ್ನೆ ಊರಿಗೆ ಹೋಗಿದ್ದೆ. ಅಲ್ಲಿ ಓದಿದ ಒಂದು ಕಾಗದದ ಸಿಟ್ಟು ಇನ್ನೂ ಇಳಿದಿಲ್ಲ. ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ. ಶಾಲೆಗೆ ಹೊರಡೋ ಮುಂಚೆ ಬರೆದೇ ಬಿಡೋಣ ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ. ಆದರೆ ಓದಿ.

ನಮ್ಮಪ್ಪ ಮಿಲ್ಟ್ರಿಯವರು ಅನ್ನೋದು ನಿಮಗೆಲ್ಲ ಗೊತ್ತು. ಬೈಲಹೊಂಗಲದ ಕಡೆಯ ನಮ್ಮೂರಲ್ಲಿ ಓಣಿಗೆ ಒಬ್ಬರಾದರೂ ಸೈನ್ಯದಿಂದ ಬಂದವರು ಸಿಗುತ್ತಾರೆ. ಅಪ್ಪ ಇದ್ದಾಗ ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ನಮ್ಮ ಮನೆ ಕಟ್ಟೆಗೇ ಬರೋರು. 2017ರಲ್ಲಿ ಅಪ್ಪ ಹೋದರು. ಅವತ್ತಿನಿಂದ ಆ ಕಾಗದಗಳೆಲ್ಲ ನನ್ನ ಕೈಗೆ ಬರುತ್ತಿವೆ. ನಾನು ಕನ್ನಡ ಕಲಿಸೋಳು. ಸರ್ಕಾರಿ ಇಂಗ್ಲಿಷ್ ನನಗೂ ಸಲೀಸಲ್ಲ.

ನಿನ್ನೆ ಬಂದವರು ಪಕ್ಕದ ಮನೆ ಕಾಕಾ. ಆರ್ಟಿಲರಿಯಲ್ಲಿ, ಅಂದರೆ ಫಿರಂಗಿ ದಳದಲ್ಲಿ ಇದ್ದವರು. 1995ರಲ್ಲಿ ಭರ್ತಿಯಾಗಿ, 24 ವರ್ಷ ಸೇವೆ ಮಾಡಿ, 2019ರಲ್ಲಿ ಹವಾಲ್ದಾರ್ ಆಗಿ ಮನೆಗೆ ಬಂದರು. ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಡಿಸ್ಚಾರ್ಜ್ ಬುಕ್ಕು, ಕಿವಿ ಪರೀಕ್ಷೆಯ ಕಾಗದ, ಮೆಡಿಕಲ್ ಬೋರ್ಡಿನ ಜೆರಾಕ್ಸು, ಎಲ್ಲವನ್ನೂ ತಂದು ಹೊರಸಿನ ಮೇಲೆ ಹರಡಿದರು. ಎಲ್ಲದರ ಮೇಲೆ ಹೊಸ ಕಾಗದ ಇತ್ತು. 'ತಂಗಿ, ಏನ್ ಬರದಾರ ನೋಡು' ಅಂದು ಬಲಗಿವಿಯನ್ನು ನನ್ನ ಬಾಯಿ ಹತ್ತಿರ ತಂದು ಕೂತರು. ಎಡಗಿವಿ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿದೆ.

ಓದಿದೆ. ಕಿವಿ ಹೋದದ್ದಕ್ಕೆ ಡಿಸೆಬಿಲಿಟಿ ಪೆನ್ಷನ್, ಅಂದರೆ ವೈಕಲ್ಯದ ಪಿಂಚಣಿ, ಕೇಳಿ ಹಾಕಿದ್ದ ಅವರ ಮೇಲ್ಮನವಿ ತಿರಸ್ಕಾರ ಆಗಿತ್ತು. ಕಾರಣ ಒಂದೂವರೆ ಸಾಲು. ಕಿವಿಯ ತೊಂದರೆ ಶುರುವಾಗಿದ್ದು ಪೀಸ್ ಏರಿಯಾದಲ್ಲಿ, ಅಂದರೆ ಯುದ್ಧ, ಗಡಿ ಕಾವಲು ಇಲ್ಲದ ಜಾಗದಲ್ಲಿ, ಆದ್ದರಿಂದ ಅದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಸೈನಿಕರ ನಡುವೆ ಈ ಮಾತಿಗೆ ಒಂದು ಚಿಕ್ಕ ಹೆಸರಿದೆ, 'ನಾನಾ'. ಇಂಗ್ಲಿಷಿನ ನಾಲ್ಕು ಪದಗಳ ಮೊದಲ ಅಕ್ಷರ ಕೂಡಿಸಿದರೆ ಹಾಗಾಗುತ್ತದೆ. 'ನಾನಾ ಕೊಟ್ಟಾರ' ಅಂದರೆ ಮುಗೀತು, ಡಿಸೆಬಿಲಿಟಿ ಪೆನ್ಷನ್ ಇಲ್ಲ.

ಕಾಕಾಗೆ ಜೋರಾಗಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: 'ಮಷೀನ್ ಅಲ್ಲೇ ಇತ್ತಲ್ಲ ತಂಗಿ. ಗುಡ್ಡದ ಮ್ಯಾಲೆ ಎಲ್ಲಿಂದ ತರೋದು ಮಷೀನ?'

ನನಗೆ ಹೊಟ್ಟೆಯಲ್ಲಿ ಕಿವುಚಿದಂತಾಯಿತು. ಎಷ್ಟು ಸರಿಯಾದ ಮಾತು! ಕಾಕಾ 1999ರ ಬೇಸಿಗೆಯಲ್ಲಿ ದ್ರಾಸ್ ಕಡೆ 105 ಮಿಲಿಮೀಟರ್ ಫೀಲ್ಡ್ ಗನ್ನಿನ ಪಕ್ಕ ನಿಂತಿದ್ದವರು. ಕಾರ್ಗಿಲ್ ಯುದ್ಧದಲ್ಲಿ ನಮ್ಮ ಆರ್ಟಿಲರಿ ಹಾರಿಸಿದ ಗುಂಡು, ರಾಕೆಟ್ಟುಗಳು ಸುಮಾರು ಎರಡೂವರೆ ಲಕ್ಷ. ಪ್ರತಿ ವರ್ಷ ಜುಲೈ 26ಕ್ಕೆ ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಖ್ಯೆ ಅದು. ಆ ಗುಂಡುಗಳನ್ನು ಹೊತ್ತು ತಂದು, ತುಂಬಿ, ಹಾರಿಸಿದವರಿಗೆ ಕಿವಿ ಇರಲಿಲ್ಲವೇ? ಕಿವಿಗೆ ಹತ್ತಿ ಇಟ್ಟುಕೊಂಡು ನಿಲ್ಲುತ್ತಿದ್ದೆವು ಅನ್ನುತ್ತಾರೆ ಕಾಕಾ. ಅದಾದ ಮೇಲೂ ವರ್ಷವರ್ಷ ಫೈರಿಂಗ್ ರೇಂಜು, ಮತ್ತೆ ಗಡಿ. ಕಿವಿ ಪರೀಕ್ಷೆಯ ಯಂತ್ರ ಇದ್ದದ್ದು ದಂಡಿನ ಆಸ್ಪತ್ರೆಯಲ್ಲಿ. ದಂಡಿನ ಊರು ಪೀಸ್ ಏರಿಯಾ. ಅಲ್ಲಿ ಪರೀಕ್ಷೆ ಮಾಡಿದಾಗ ಕಾಯಿಲೆ ಗೊತ್ತಾಯಿತು, ಹಾಗಾಗಿ ಕಾಯಿಲೆ ಅಲ್ಲೇ ಹುಟ್ಟಿತಂತೆ!

ಗಟ್ಟಿ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದವರ ಕಿವಿ ಒಂದೇ ದಿನ ಹೋಗುವುದಿಲ್ಲ ಅಂತ ಕಿವಿ ಡಾಕ್ಟರಾಗಿರುವ ನನ್ನ ಗೆಳತಿ ಹೇಳಿದಳು. ಮೊದಲು 4000 ಹರ್ಟ್ಸ್ ಸುತ್ತಮುತ್ತಲಿನ ಸಣ್ಣ ಚೂಪು ಸದ್ದುಗಳು ಹೋಗುತ್ತವಂತೆ. ಸ, ಶ, ತ, ಕ ಇಂಥವು ಮಸುಕಾಗಿ, ಸ್ವರಗಳಷ್ಟೇ ಕಿವಿಗೆ ಬೀಳುತ್ತವೆ. ಅಂದರೆ ಎದುರಿನವರು ಮಾತಾಡುತ್ತಿದ್ದಾರೆ ಅಂತ ತಿಳಿಯುತ್ತದೆ, ಏನು ಅಂತ ತಿಳಿಯುವುದಿಲ್ಲ. ವರ್ಣಮಾಲೆ ಕಲಿಸುವ ನನಗೆ ಇದು ಕೇಳಿ ಎದೆ ಝಲ್ಲೆಂದಿತು. ಕಾಕಾಗೆ ನಮ್ಮ ಭಾಷೆಯ ಅರ್ಧ ವ್ಯಂಜನಗಳು ಹೋಗಿಬಿಟ್ಟಿವೆ.

ಅವರ ಮನೆಯಲ್ಲಿ ಕಾಕೂ ಈಗ ಅವರನ್ನು ಕೂಗಿ ಕರೆಯುವುದೇ ಇಲ್ಲ. ಚಹಾ ಆದರೆ ಅಡುಗೆಮನೆ ಬಾಗಿಲಿನ ಪಕ್ಕದ ಸ್ವಿಚ್ಚು ಒತ್ತಿ ಪಡಸಾಲೆಯ ಬಲ್ಬನ್ನು ಎರಡು ಸಲ ಆರಿಸಿ ಹಚ್ಚುತ್ತಾರೆ. ಕಾಕಾ ತಲೆ ಎತ್ತಿ ನೋಡಿ ಎದ್ದು ಬರುತ್ತಾರೆ. ಕರೆಂಟು ಇಲ್ಲದಾಗ ಬಂದು ಹೆಗಲು ಮುಟ್ಟುತ್ತಾರೆ. ಇದನ್ನು ಯಾವ ಬೋರ್ಡೂ ನೋಡಿಲ್ಲ.

ಈಗ ನನ್ನ ಸಿಟ್ಟಿನ ನಿಜವಾದ ಕಾರಣಕ್ಕೆ ಬರುತ್ತೇನೆ. ಸಾಬೀತು ಮಾಡುವ ಭಾರ ಸೈನಿಕನದಲ್ಲ! ಇದು ನನ್ನ ಮಾತಲ್ಲ, ಸರ್ಕಾರವೇ ಬರೆದ ನಿಯಮ. 1982ರ ನಿಯಮದಲ್ಲೂ 2008ರ ನಿಯಮದಲ್ಲೂ ಅರ್ಜಿ ಹಾಕಿದವನನ್ನು ಸಾಮಾನ್ಯವಾಗಿ ಪುರಾವೆ ಕೇಳಬಾರದು ಎಂದೇ ಇದೆ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ಆತ ಸಿಗ್ನಲ್ಸ್ ವಿಭಾಗದ ಸಿಪಾಯಿ. 1985ರಲ್ಲಿ ಸೇರಿದವನನ್ನು 1994ರಲ್ಲಿ ಮೂರ್ಛೆ ಕಾಯಿಲೆ ಅಂತ ಬೋರ್ಡ್ ಔಟ್ ಮಾಡಿ ಮನೆಗೆ ಕಳಿಸಿದರು. ಸೇವೆಗೂ ಕಾಯಿಲೆಗೂ ಸಂಬಂಧ ಇಲ್ಲ ಅಂದರು. ಕೋರ್ಟ್ ಹೇಳಿದ್ದು ಸರಳ: ಭರ್ತಿ ಮಾಡಿಕೊಳ್ಳುವಾಗ ಮೈಯೆಲ್ಲ ತಪಾಸಣೆ ಮಾಡಿ ಸರಿಯಿದ್ದಾನೆ ಅಂತ ತೆಗೆದುಕೊಂಡಿರಿ, ಆಗ ಯಾವ ಕಾಯಿಲೆಯನ್ನೂ ಬರೆದಿಲ್ಲ, ಹಾಗಾದರೆ ಆಮೇಲೆ ಬಂದದ್ದು ಸೇವೆಯಿಂದಲೇ ಬಂದಿದೆ ಅಂತ ಭಾವಿಸಬೇಕು. ಇಲ್ಲ ಅನ್ನುವುದಾದರೆ ನೀವು ಕಾರಣ ಕೊಟ್ಟು ತೋರಿಸಿ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್, ಮಧುಮೇಹದ ಒಂದು ಪ್ರಕರಣದಲ್ಲಿ, ಪೀಸ್ ಸ್ಟೇಷನ್‌ನಲ್ಲಿದ್ದಾಗ ಕಾಯಿಲೆ ಕಂಡಿತು ಅನ್ನುವುದೊಂದೇ ಪಿಂಚಣಿ ನಿರಾಕರಿಸಲು ಸಾಲದು ಅಂತಲೂ ಹೇಳಿತು.

ಇಷ್ಟೆಲ್ಲ ಆದ ಮೇಲೂ ನಿನ್ನೆ ನಾನು ಓದಿದ ಕಾಗದದಲ್ಲಿ ಅದೇ ಪೀಸ್ ಏರಿಯಾ. ಸುಪ್ರೀಂ ಕೋರ್ಟು ಹೇಳಿದ್ದು ಆ ಮೇಜಿನ ತನಕ ಬರಲು ಇನ್ನೂ ಎಷ್ಟು ವರ್ಷ ಬೇಕು?

ಎಷ್ಟು ದುಡ್ಡಿನ ಮಾತು ಇದು, ಅದನ್ನೂ ಹೇಳುತ್ತೇನೆ. ಪೂರ್ತಿ 100 ಪರ್ಸೆಂಟ್ ವೈಕಲ್ಯ ಇದ್ದರೆ ಕೊನೆಯ ಸಂಬಳದ 30 ಪರ್ಸೆಂಟ್. ಕಡಿಮೆ ಇದ್ದರೆ ಆ ಲೆಕ್ಕಕ್ಕೆ ಕಡಿಮೆ. ಕಾಕಾಗೆ ಬೋರ್ಡು ಬರೆದದ್ದು 20 ಪರ್ಸೆಂಟ್, ಜೀವನಪರ್ಯಂತ. ಸಂಬಳ 40 ಸಾವಿರ ಅಂತ ಹಿಡಿದರೆ ತಿಂಗಳಿಗೆ 2,400 ರೂಪಾಯಿ. ಐವತ್ತಕ್ಕಿಂತ ಕಡಿಮೆ ಇದ್ದದ್ದನ್ನು ಐವತ್ತು ಅಂತಲೇ ಹಿಡಿಯಬೇಕು ಅನ್ನುವ ನಿಯಮ 1996ರಿಂದ ಇದೆ. ಪೂರ್ತಿ ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲಬೇಕು ಅಂತ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಪಾಯಿತು. ಹಾಗೆ ಹಿಡಿದರೆ 6,000 ರೂಪಾಯಿ, ಮೇಲೆ ತುಟ್ಟಿಭತ್ಯೆ. ಅಷ್ಟರಲ್ಲಿ ಕಾಕಾ ಒಳ್ಳೆಯ ಹಿಯರಿಂಗ್ ಏಡ್ ಹಾಕಿಸಿಕೊಂಡು ಅದರ ಬ್ಯಾಟರಿ, ರಿಪೇರಿ ನೋಡಿಕೊಳ್ಳಬಹುದಿತ್ತು. ಮೊಮ್ಮಗಳ ಮಾತು ಕೇಳಬಹುದಿತ್ತು.

'ಪೆನ್ಷನ್ ಬರ್ತದಲ್ಲ, ಕ್ಯಾಂಟೀನ್ ಇದೆ, ಆಸ್ಪತ್ರೆ ಫ್ರೀ, ಇನ್ನೂ ಏನು ಬೇಕು' ಅಂತ ಕಳೆದ ಸಲ ನಾನು ಬರೆದಾಗ ಒಬ್ಬರು ಕೇಳಿದ್ದರು. ಆ ಪೆನ್ಷನ್ 24 ವರ್ಷದ ದುಡಿಮೆಗೆ. ಕಿವಿಯ ಲೆಕ್ಕ ಬೇರೆ.

ಇನ್ನೊಂದು ವಾದವೂ ಇದೆ, ಅದರಲ್ಲಿ ಹುರುಳಿದೆ ಅಂತ ಒಪ್ಪುತ್ತೇನೆ. ಸರ್ಕಾರದ ಖರ್ಚುವೆಚ್ಚ ತಪಾಸಣೆ ಮಾಡುವ ಸಿಎಜಿ 2023ರ ವರದಿಯಲ್ಲಿ ಒಂದು ಲೆಕ್ಕ ಕೊಟ್ಟಿತು. 2015-16ರಿಂದ 2019-20ರ ನಡುವೆ ನಿವೃತ್ತರಾದ ಅಧಿಕಾರಿಗಳಲ್ಲಿ 36ರಿಂದ 40 ಪರ್ಸೆಂಟ್ ಜನ ಡಿಸೆಬಿಲಿಟಿ ಪೆನ್ಷನ್ ಪಡೆದಿದ್ದಾರೆ. ಜವಾನರಲ್ಲಿ ಅದು 15ರಿಂದ 18. ಬಿಪಿ, ಶುಗರ್ ಹೆಸರಲ್ಲೂ ಬಹಳ ಜನಕ್ಕೆ ಸಿಕ್ಕಿದೆ. ಅವತ್ತಿನಿಂದ 'ಎಲ್ಲ ಸುಳ್ಳು ಹೇಳಿ ತಗೋತಾರೆ' ಅನ್ನುವ ಮಾತು ಹಬ್ಬಿದೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ, ಅಲ್ಲಿಂದ ಮುಂದೆ ನಿವೃತ್ತರಾಗುವವರಿಗೆ, ನಿಯಮವೂ ಬದಲಾಯಿತು. 2019ರಲ್ಲೇ ಬಂದ ಕಾಕಾಗೆ ಹಳೆಯ ನಿಯಮವೇ. ಅದೇ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಗುಂಡು ಹೊತ್ತವರು, ಕಂದಕ ತೋಡಿದವರು, ಹಿಮದಲ್ಲಿ ರಾತ್ರಿ ಕಾವಲು ನಿಂತವರು ಹೆಚ್ಚಾಗಿ ಜವಾನರು. ಪೆನ್ಷನ್ ಸಿಕ್ಕಿದ್ದು ಅವರಿಗೇ ಕಡಿಮೆ. ಯಾರೋ ದುರುಪಯೋಗ ಮಾಡಿಕೊಂಡಿದ್ದರೆ ಹುಡುಕಲಿ, ವಾಪಸ್ ತೆಗೆದುಕೊಳ್ಳಲಿ. ಫಿರಂಗಿ ಹಾರಿಸಿ ಕಿವುಡಾದವನನ್ನು ಅದೇ ಸಾಲಲ್ಲಿ ನಿಲ್ಲಿಸಿ ಅನುಮಾನದಿಂದ ನೋಡುವುದು ಯಾವ ನ್ಯಾಯ?

ಮಧ್ಯೆ ಕಾಗದವೇ ಇಲ್ಲದ ವರ್ಷಗಳ ಕಥೆಯೂ ಇದೆ. ಅಪ್ಪ ಹೇಳುತ್ತಿದ್ದರು, 'ಶೇಪ್ ಒನ್' ಕಳಕೊಳ್ಳೋದು ಅಂದರೆ ಜವಾನನಿಗೆ ಅರ್ಧ ಜೀವ ಹೋದಂಗ. ಮನಸ್ಸು, ಕಿವಿ, ಕೈಕಾಲು, ದೇಹಬಲ, ಕಣ್ಣು, ಈ ಐದಕ್ಕೂ ಒಂದನೇ ದರ್ಜೆ ಇದ್ದರೆ ಶೇಪ್ ಒನ್. ಕೆಟಗರಿ ಇಳಿದರೆ ಪ್ರಮೋಷನ್ನಿಗೆ ಕುತ್ತು. ಅಪ್ಪನ ಮೊಣಕಾಲು ಹೋದದ್ದು ಒಂದು ಪೆಟ್ರೋಲಿಂಗಿನಲ್ಲಿ ಜಾರಿ ಬಿದ್ದು. ಅವರು ಎಂ.ಐ. ರೂಮಿಗೆ, ಅಂದರೆ ಪಲ್ಟನ್ನಿನ ದವಾಖಾನೆಗೆ, ಹೋಗಲೇ ಇಲ್ಲ, ಬಟ್ಟೆ ಬಿಗಿದು ಕಟ್ಟಿಕೊಂಡು ಪರೇಡಿಗೆ ನಿಂತರು, ಹವಾಲ್ದಾರಿಕೆ ತಪ್ಪಬಾರದು ಅಂತ. ಕೊನೆಯ ಹತ್ತು ವರ್ಷ ಮಾಳಿಗೆ ಹತ್ತಲಿಲ್ಲ. ಎಲ್ಲಿಯೂ ದಾಖಲೆ ಇಲ್ಲ, ಕೇಳಲು ಬಾಯಿಯೂ ಇಲ್ಲ. ಕಾಕಾ ಕೂಡ ಎಷ್ಟು ವರ್ಷ ಕಿವಿ ಗುಂಯ್‌ಗುಡುವುದನ್ನು ಯಾರಿಗೂ ಹೇಳಲಿಲ್ಲವೋ. ಮುಚ್ಚಿಟ್ಟು ದುಡಿದದ್ದು ಅವರ ವಿರುದ್ಧವೇ ಸಾಕ್ಷಿಯಾಯಿತು.

ಈಗ ಒಂದು ವಿಷಯ ಹೇಳಬೇಕು. ಇದನ್ನು ಬರೆಯಲೋ ಬೇಡವೋ ಅಂತಲೇ ರಾತ್ರಿ ನಿದ್ದೆ ಬಾರದ್ದು.

2019ರಲ್ಲಿ ಮೊದಲ 'ನಾನಾ' ಕಾಗದ ಬಂದಾಗಲೂ ಕಾಕಾ ನನ್ನ ಹತ್ತಿರವೇ ತಂದಿದ್ದರು. ನನಗೆ ಪರೀಕ್ಷೆ ಪೇಪರ್ ತಿದ್ದುವ ಅವಸರ. ಮೇಲಿಂದ ಮೇಲೆ ಕಣ್ಣಾಡಿಸಿ, 'ಇಲ್ಲ ಅಂದಾರ ಕಾಕಾ, ಬಿಡ್ರಿ, ಇದರಾಗ ಏನೂ ಬರಂಗಿಲ್ಲ' ಅಂದೆ. ಅವರು 'ಆತ ಬಿಡವಾ' ಅಂತ ಮಡಚಿಕೊಂಡು ಹೋದರು. ಕಾಗದದ ಕೊನೆಯಲ್ಲಿ, ಆರು ತಿಂಗಳೊಳಗೆ ಮೇಲ್ಮನವಿ ಹಾಕಬಹುದು ಅಂತ ಬರೆದಿತ್ತು. ನಾನು ಅಲ್ಲಿತನಕ ಓದಿರಲೇ ಇಲ್ಲ. ಕಳೆದ ವರ್ಷ ತಾಲ್ಲೂಕಿನ ಒಬ್ಬ ನಿವೃತ್ತ ಸುಬೇದಾರರು ಕೇಳಿ ತಿಳಿದು ಅರ್ಜಿ ಬರೆಸಿಕೊಟ್ಟರು. ಇನ್ನು ಗೆದ್ದರೂ ಹಿಂದಿನ ಬಾಕಿ ಪೂರ್ತಿ ಬರುವುದು ಕಷ್ಟ. ತಡವಾಗಿ ಬಂದವರಿಗೆ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ ಬಾಕಿಯಷ್ಟೇ ಅನ್ನುವುದು 2008ರ ತರ್ಸೇಮ್ ಸಿಂಗ್ ತೀರ್ಪಿನಿಂದ ನಡೆದು ಬಂದಿದೆ. ಉಳಿದ ತಿಂಗಳುಗಳ ದುಡ್ಡು ಹೋಗಿದ್ದು ನನ್ನ ಒಂದು ಮಾತಿನಿಂದ. ಕಾಕಾ ಒಂದು ದಿನವೂ ಅದನ್ನು ಎತ್ತಿ ಆಡಿಲ್ಲ.

ಹಾಗಂತ ಸರ್ಕಾರದ ತಪ್ಪು ಕಡಿಮೆಯಾಗುವುದಿಲ್ಲ. ಒಬ್ಬ ಮೇಷ್ಟರು ಪೂರ್ತಿ ಓದದಿದ್ದರೆ ಒಬ್ಬ ಸೈನಿಕನ ಹಕ್ಕು ಹೋಗುವಂತೆ ಆ ಕಾಗದ ಯಾಕಿರಬೇಕು? ಗನ್ನಿನ ಡ್ರಿಲ್ಲನ್ನು ಅವರಿಗೆ ತಿಳಿಯುವ ಹಿಂದಿಯಲ್ಲಿ ಕಲಿಸಲು ಆಗುತ್ತದೆ. ಪೆನ್ಷನ್ ಯಾಕೆ ಇಲ್ಲ ಅನ್ನುವುದನ್ನು ಮಾತ್ರ ಇಂಗ್ಲಿಷಿನಲ್ಲೇ ಹೇಳಬೇಕೇ? ಗೆದ್ದವರ ಪಾಡೂ ನೆಟ್ಟಗಿಲ್ಲ. ಸೇನಾ ನ್ಯಾಯಮಂಡಳಿಯ ಕಾಯ್ದೆ ಬಂದದ್ದು 2007ರಲ್ಲಿ, ಕೆಲಸ ಶುರುವಾದದ್ದು 2009ರಲ್ಲಿ. ಸೈನಿಕರಿಗೆ ಬೇಗ ನ್ಯಾಯ ಸಿಗಲಿ ಅಂತಲೇ ಮಾಡಿದ್ದು. ಅಲ್ಲಿ ಆದೇಶ ಆದ ಮೇಲೂ, ಎಂದೋ ತೀರ್ಮಾನ ಆಗಿಹೋದ ವಿಷಯಕ್ಕೆ ಸರ್ಕಾರ ಮತ್ತೆ ಮೇಲಿನ ಕೋರ್ಟಿಗೆ ಹೋಗುತ್ತದೆ. 2015ರಲ್ಲಿ ಮನೋಹರ್ ಪರ್ರಿಕರ್ ರಕ್ಷಣಾ ಮಂತ್ರಿಯಾಗಿದ್ದಾಗ ನೇಮಿಸಿದ ತಜ್ಞರ ಸಮಿತಿ, ಅಂಗವಿಕಲ ಸೈನಿಕರ ಮೇಲಿನ ಇಂಥ ಮೇಲ್ಮನವಿಗಳನ್ನು ನಿಲ್ಲಿಸಿ ಅಂತ ಸ್ಪಷ್ಟವಾಗಿ ಹೇಳಿತ್ತು. ಸ್ವಂತ ಸಮಿತಿಯ ಮಾತನ್ನೂ ಕೇಳದವರು ಕಾಕಾನ ಮಾತು ಯಾವಾಗ ಕೇಳುತ್ತಾರೆ?

ನಮ್ಮ ಶಾಲೆ ಮೈದಾನದಲ್ಲಿ ಈಗಲೂ ಬೆಳಗಿನ ಐದಕ್ಕೆ ಹುಡುಗರು ಓಡುತ್ತಾರೆ, ಅಗ್ನಿವೀರರಾಗಲು. ಕಿವಿಯೋ ಕಾಲೋ ಹೋದರೆ ಅವರಿಗೆ ತಿಂಗಳ ಪೆನ್ಷನ್ ಇಲ್ಲ, ಒಂದೇ ಗಂಟು: 100 ಪರ್ಸೆಂಟಿಗೆ 44 ಲಕ್ಷ, 75ಕ್ಕೆ 25, 50ಕ್ಕೆ 15. ಅದಕ್ಕೂ ಷರತ್ತು ಇದೇ, ಸೇವೆಯಿಂದ ಬಂದಿರಬೇಕು ಇಲ್ಲವೇ ಸೇವೆಯಿಂದ ಹೆಚ್ಚಾಗಿರಬೇಕು. ನನ್ನ ಹಳೆಯ ವಿದ್ಯಾರ್ಥಿಗಳು ಅವರಲ್ಲಿ ನಾಲ್ಕು ಜನ ಇದ್ದಾರೆ. ಏನೇ ನೋವಾದರೂ ಮುಚ್ಚಿಡಬೇಡಿ, ಎಂ.ಐ. ರೂಮಿಗೆ ಹೋಗಿ ಬರೆಸಿ, ಚೀಟಿ ಇಟ್ಟುಕೊಳ್ಳಿ ಅಂತ ಹೇಳಿದ್ದೇನೆ. ನಿಮ್ಮ ಮನೆಯ ಹುಡುಗರಿಗೂ ಹೇಳಿ.

ಸೋಮವಾರ ರಜೆ ಹಾಕಿದ್ದೇನೆ. ಭಾನುವಾರ ರಾತ್ರಿ ಬಸ್ಸಿಗೆ ನಾನು, ಕಾಕಾ, ಆ ಸುಬೇದಾರರು ಬೆಂಗಳೂರಿಗೆ ಹೊರಟಿದ್ದೇವೆ. ವಕೀಲರನ್ನು ಕಂಡು ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ನಿನ್ನೆ ನಾನು ಏಳುವಾಗ ಕಾಕಾ ಚೀಲಕ್ಕೆ ಕಾಗದ ತುಂಬುತ್ತಾ ಕೇಳಿದರು:

'ತಂಗಿ, ಕೋರ್ಟಿನ್ಯಾಗ ನನ್ನ ಹೆಸರ ಕರದ್ರ ನನಗ ಕೇಳಂಗಿಲ್ಲ. ನೀ ಬಾಜೂಕ ಕುಂದರ್ತಿ ಅಲ್ಲ?'

'ಕುಂದರ್ತೀನ್ರಿ ಕಾಕಾ' ಅಂದೆ. ಎರಡು ಸಲ ಹೇಳಬೇಕಾಯಿತು.