ತೋಟದ ಪಿಕಪ್‌ಗೆ ಮರುಭೂಮಿಯ ಲೈಟು ಯಾಕೆ?

ಪಿಕಪ್‌ಗೆ ಎಕ್ಸ್‌ಟ್ರಾ ಲೈಟು ಹಾಕಿಸಬೇಕು ಅನ್ನುವವರೆಲ್ಲ ಮೊದಲು ಕೇಳೋದು ಒಂದೇ: "ಎಷ್ಟು ವ್ಯಾಟ್‌ದು ಹಾಕಿಸ್ಲಿ?" ಅಂಗಡಿಯವನೂ ಇದಕ್ಕೇ ಕಾಯ್ತಿರ್ತಾನೆ. "ಈ ಲೈಟ್ ಬಾರ್ ಹಾಕ್ಸಿ ಸಾರ್, ರಾತ್ರಿನೇ ಹಗಲಾಗೋಗುತ್ತೆ." ಹಾಸನದಿಂದ ಬೆಂಗಳೂರಿನ ಜೆ.ಸಿ. ರಸ್ತೆವರೆಗೆ ಎಲ್ಲಿ ಹೋದರೂ ಇದೇ ಮಾತು.

ನನ್ನ ತಕರಾರು ಇಷ್ಟು. ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಓಡುವ ಬೊಲೆರೊ ಕ್ಯಾಂಪರ್‌ಗೋ ಇಸುಜು ವಿ-ಕ್ರಾಸ್‌ಗೋ ರಾತ್ರಿಯನ್ನು ಹಗಲು ಮಾಡುವ ಲೈಟು ಬೇಕಾಗಿಲ್ಲ. ಬೆಳಕು ಎಷ್ಟು ಅನ್ನೋದಕ್ಕಿಂತ ಅದು ಎಲ್ಲಿ ಬೀಳುತ್ತೆ ಅನ್ನೋದು ಮುಖ್ಯ.

ಯೂಟ್ಯೂಬಲ್ಲಿ ನೋಡುವ ಹೋಲಿಕೆಗಳಲ್ಲಿ ಹೆಚ್ಚಿನವು ಅಮೆರಿಕದವು. ಬಾಹಾ ಡಿಸೈನ್ಸ್, ರಿಜಿಡ್, ಕೆಸಿ ಹೈಲೈಟ್ಸ್ ಇವೆಲ್ಲ ಕ್ಯಾಲಿಫೋರ್ನಿಯಾ, ಅರಿಜೋನಾ ಕಡೆಯ ಕಂಪನಿಗಳು. ಮಾಲು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಲೈಟುಗಳ ಹಿಂದಿರುವುದು ಮೆಕ್ಸಿಕೋದ ಮರುಭೂಮಿಯಲ್ಲಿ 1967ರಿಂದ ನಡೆಯುತ್ತಿರುವ ಬಾಹಾ 1000 ಥರದ ರೇಸುಗಳು. ಗಂಟೆಗೆ 150 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 42 ಮೀಟರ್ ಹೋಗುತ್ತೆ. ಅರ್ಧ ಕಿಲೋಮೀಟರ್ ಮುಂದಿನ ಗುಂಡಿ ಕಾಣಲೇಬೇಕು. ನಮ್ಮ ತೋಟದ ರಸ್ತೆಯಲ್ಲಿ 20ರಲ್ಲಿ ಹೋದರೆ ಅದೇ ದೊಡ್ಡದು, ಸೆಕೆಂಡಿಗೆ ಐದೂವರೆ ಮೀಟರ್. ಮೂವತ್ತು ಮೀಟರ್ ದಾಟುವಷ್ಟರಲ್ಲಿ ತಿರುವು. ಹತ್ತು ಡಿಗ್ರಿಯಷ್ಟೇ ಕಿರಿದಾಗಿ ಬೆಳಗುವ ಸ್ಪಾಟ್ ಲೈಟು ಹಾಕಿದರೆ ತಿರುವಿನಲ್ಲಿ ಬೆಳಗೋದು ಆಚೆ ಗುಡ್ಡದ ಸಿಲ್ವರ್ ಮರದ ತುದಿ. ಚಕ್ರದ ಪಕ್ಕದ ಚರಂಡಿ ಕತ್ತಲಲ್ಲೇ ಇರುತ್ತೆ.

"400 ಮೀಟರಿಗೆ 1 ಲಕ್ಸ್" ಅಂತ ಬಾಕ್ಸಿನ ಮೇಲೆ ಹಾಕಿರ್ತಾರಲ್ಲ, ಅದನ್ನೂ ಸ್ವಲ್ಪ ಬಿಡಿಸಿ ನೋಡಿ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಹುಣ್ಣಿಮೆಯ ಬೆಳದಿಂಗಳು ಸುಮಾರು ಕಾಲು ಲಕ್ಸ್. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತೆ. ಅಷ್ಟು ದೂರಕ್ಕೆ 1 ಲಕ್ಸ್ ಮುಟ್ಟಿಸಬೇಕಾದರೆ ಬೆಳಕನ್ನು ಕಿರಿದಾಗಿ ಹಿಂಡಿ ಮುಂದಕ್ಕೆ ತಳ್ಳಲೇಬೇಕು. ನೆಟ್ಟಗಿರುವ ಹೆದ್ದಾರಿಗೆ ಅದು ಸರಿ. ಚಾರ್ಮಾಡಿ ಘಾಟಿಯಲ್ಲಿ ನೆಟ್ಟಗಿರುವ ರಸ್ತೆಯನ್ನು ತೋರಿಸಿದವರಿಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ನಾನು ಕೊಡಿಸ್ತೀನಿ.

ಇನ್ನು ಮಂಜು. ಕ್ಯಾಬಿನ್ ಮೇಲೆ ಉದ್ದಕ್ಕೆ ಕೂರಿಸುವ ಬಾರ್ ಲೈಟಿನ ಬಣ್ಣ ಬಯಲಾಗೋದು ಇಲ್ಲೇ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಮೋಡ. ಕುಯ್ಲಿನ ಕಾಲಕ್ಕೆ ಬೆಳಗಿನ ಜಾವದ ಮಂಜು. ಬಾರ್ ಹಚ್ಚಿದ ಕ್ಷಣ ಎದುರಿಗೆ ಬಿಳಿ ಪಂಚೆ ಕಟ್ಟಿದ ಹಾಗೆ. ಕಾರಣ ಸರಳ. ಲೈಟು ಡ್ರೈವರ್ ಕಣ್ಣಿಗೆ ಹತ್ತಿರವಾದಷ್ಟೂ ಹನಿಗಳಿಗೆ ಬಡಿದು ವಾಪಸ್ ಬರುವ ಬೆಳಕು ನೇರ ಕಣ್ಣಿಗೇ ಬರುತ್ತೆ. ಜತೆಗೆ ಬಾನೆಟ್ ಮೇಲೆ ಬಿದ್ದು ಹೊಳೆಯುವುದು ಬೇರೆ. ಅದೇ ಲೈಟು ಬಂಪರಿನ ಕೆಳಗಿದ್ದು, ಮೇಲ್ಭಾಗ ಕತ್ತರಿಸಿದಂತೆ ಅಗಲವಾಗಿ ಹರಡಿದರೆ ಮಂಜಿನ ಅಡಿಯಲ್ಲಿ ರಸ್ತೆ ಕಾಣುತ್ತೆ. ಫಾಗ್ ಲೈಟು ಅನ್ನೋದು ಇದಕ್ಕೇ. ಬರೀ ಹಳದಿ ಗಾಜು ಹಾಕಿದ ಮಾತ್ರಕ್ಕೆ ಅದು ಫಾಗ್ ಲೈಟಾಗಲ್ಲ.

ಹಳದಿ ಬೆಳಕು ಮಂಜನ್ನು ಸೀಳುತ್ತೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಸೀಳಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತೆ. ಫ್ರಾನ್ಸಿನಲ್ಲಿ 1993ರವರೆಗೆ ಹೆಡ್‌ಲೈಟೇ ಹಳದಿ ಇರಬೇಕು ಅನ್ನುವ ಕಾನೂನಿತ್ತು, ಆಮೇಲೆ ಕೈಬಿಟ್ಟರು. ಆದರೂ ನನ್ನ ಆಯ್ಕೆ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹಳದಿಯೇ. 6000 ಕೆಲ್ವಿನ್‌ನ ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ, ಒದ್ದೆ ಗಾಳಿಯಿಂದ ವಾಪಸ್ ಬಂದಾಗ ಅದು ಕಣ್ಣಿಗೆ ಚುಚ್ಚುತ್ತೆ. ಹಳದಿಯಲ್ಲಿ ಆಯಾಸ ಕಡಿಮೆ. ಲಾಭ ಅಷ್ಟೇ, ಅದಕ್ಕಿಂತ ಹೆಚ್ಚು ಹೇಳುವವರು ಮಾರಾಟಕ್ಕೆ ಕೂತಿದ್ದಾರೆ ಅಂತ ತಿಳ್ಕೊಳ್ಳಿ.

ಎರಡನೇ ಜೋಡಿಗೆ ದುಡ್ಡಿದ್ದರೆ ಬಾನೆಟ್ ಮೂಲೆಯಲ್ಲಿ, ವಿಂಡ್‌ಶೀಲ್ಡ್ ಬುಡದಲ್ಲಿ ಚಿಕ್ಕ ಪಾಡ್ ಲೈಟು ಕೂರಿಸಿ, ಹೊರಕ್ಕೆ ಮೂವತ್ತು-ನಲವತ್ತು ಡಿಗ್ರಿ ತಿರುಗಿಸಿ. ತಿರುವಿನಲ್ಲಿ ಬರೆಯ ಬುಡ, ಚರಂಡಿಯ ಅಂಚು, ಗಿಡಗಳ ಸಾಲು ಎಲ್ಲ ಕಾಣುತ್ತೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವೂ ಇದೆ: ಆನೆ. ಅದು ರಸ್ತೆ ಮಧ್ಯೆ ನಿಂತಿರೋದಕ್ಕಿಂತ ಪಕ್ಕದ ಕಾಫಿ ಗಿಡಗಳ ನಡುವೆ ನಿಂತಿರೋದೇ ಹೆಚ್ಚು. ಬೂದು ಮೈಗೆ ಬೆಳಕು ಹೊಳೆಯಲ್ಲ, ನೇರ ಹೊಡೆಯುವ ಲೈಟಿಗೆ ಸಿಗೋದೂ ಇಲ್ಲ. ಕಂಡ ತಕ್ಷಣ ಆ ಲೈಟು ಆರಿಸಿ, ಹಾರ್ನ್ ಒತ್ತದೆ ರಿವರ್ಸ್ ಹಾಕಿ. ಫೋಟೋ ಆಮೇಲೆ.

ವ್ಯಾಟ್ ಲೆಕ್ಕಕ್ಕೆ ಬರೋಣ. "300 ವ್ಯಾಟ್" ಅಂತ ಬರೆದ ಬಾರ್ ನಿಜವಾಗಿ 300 ವ್ಯಾಟ್ ಎಳೆದರೆ ಗಾಡಿಯ ಹದಿಮೂರೂವರೆ ವೋಲ್ಟಿಗೆ 22 ಆಂಪಿಯರ್ ಬೇಕು. ಬಾಕ್ಸ್ ಒಳಗಿನ ವೈರಿಂಗ್ ಕಿಟ್‌ನಲ್ಲಿ 15 ಆಂಪಿಯರ್ ಫ್ಯೂಸ್ ಇದ್ದರೆ ಆ 300 ಸುಳ್ಳು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಕ್ಲ್ಯಾಂಪ್ ಮೀಟರ್ ಇರುತ್ತೆ, ಡಿಸಿ ಅಳೆಯುವಂಥದ್ದು. ದುಡ್ಡು ಕೊಡೋ ಮೊದಲು ಹಿಡಿದು ನೋಡಿ. ಹಳೇ 55 ವ್ಯಾಟ್ ಹ್ಯಾಲೊಜೆನ್ ಜೋಡಿ ಒಂಬತ್ತು ಆಂಪಿಯರ್ ತಿಂತಿತ್ತು, ಕೊಟ್ಟ ಮಾತಿನಂತೆ. ಲೈಟು ಯಾವುದೇ ಇರಲಿ, ರಿಲೇ (ಚಿಕ್ಕ ಸ್ವಿಚ್ಚಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸಾಧನ) ಇರಲೇಬೇಕು, ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಕಂಪನಿ ವೈರನ್ನು ಕೆತ್ತಿ ಸಿಕ್ಕಿಸುತ್ತೇನೆ ಅನ್ನುವವನಿಗೆ ಗಾಡಿ ಕೀ ಕೊಡಬೇಡಿ.

ಲೈಟಿನ ಮೇಲೆ ಐಪಿ67 (ಧೂಳು-ನೀರು ತಡೆಯುವ ದರ್ಜೆ) ಅಂತಿದ್ದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗಬಾರದು. ಪ್ರೆಶರ್ ವಾಷಿಗೆ ಅದು ರಕ್ಷಣೆಯಲ್ಲ, ಅದಕ್ಕೆ ಐಪಿ69ಕೆ ಅಂತ ಬೇರೆಯೇ ಇದೆ. ಕೆಸರು ಹೋಗಲಿ ಅಂತ ನಾವು ಪೈಪ್ ಹಿಡಿಯೋದೇ ಲೈಟಿನ ಮುಖಕ್ಕೆ.

ಕಾನೂನಿನದ್ದೂ ಗೊತ್ತಿರಲಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮ ಗಾಡಿಯ ಮುಂದೆ ಸ್ಪಾಟ್ ಲೈಟು, ಸರ್ಚ್ ಲೈಟು ಇರಕೂಡದು ಅನ್ನುತ್ತೆ. ವಿಶೇಷ ಸಂದರ್ಭಕ್ಕೆ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಕಾರ್ಯಾಚರಣೆಯನ್ನೇ ಶುರು ಮಾಡಿದರು. ನನಗೆ ಅದು ಸರಿ ಅನ್ನಿಸಿತು. ಎದುರಿಂದ ಬೈಕಲ್ಲಿ ಬರುವವನು ಎರಡು ಸೆಕೆಂಡ್ ಕುರುಡಾದರೆ ಪಕ್ಕದಲ್ಲಿರೋದು ಪ್ರಪಾತ. ತೋಟದ ಗೇಟು ದಾಟಿ ಟಾರು ರಸ್ತೆಗೆ ಇಳಿದ ಮೇಲೆ ಪಾಡ್ ಲೈಟುಗಳು ಆರಿ, ಮೇಲೆ ಕವರ್ ಬೀಳಬೇಕು.

ಕೊನೆಗೆ, ಮೆಕ್ಯಾನಿಕ್ಕುಗಳು ಯಾರೂ ಹೇಳದ ಒಂದು ವಿಷಯ. ಲೈಟಿನ ಕೋನ ಹೊಂದಿಸೋದು ಖಾಲಿ ಗಾಡಿಯಲ್ಲಿ, ಓಡೋದು ಕಾಫಿ ಹಣ್ಣಿನ ಮೂಟೆ ತುಂಬಿಕೊಂಡು. ಪಿಕಪ್‌ನ ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ) ಸುಮಾರು 3 ಮೀಟರ್. ಲೋಡಿಗೆ ಹಿಂದಿನ ಸ್ಪ್ರಿಂಗ್ ಪಟ್ಟಿ ಹತ್ತು ಸೆಂಟಿಮೀಟರ್ ಕುಸಿದರೆ ಮೂತಿ ಮೇಲೇಳುತ್ತೆ, ಹತ್ತು ಮೀಟರ್ ದೂರದಲ್ಲಿ ಬೆಳಕು ಮೂವತ್ತು ಸೆಂಟಿಮೀಟರಿಗೂ ಹೆಚ್ಚು ಎತ್ತರಕ್ಕೆ ಹೋಗುತ್ತೆ. ಅಷ್ಟು ದುಡ್ಡು ಸುರಿದು ತಂದ ಫಾಗ್ ಲೈಟು ಎದುರಿನವರ ಮುಖಕ್ಕೆ. ಗೋಡೌನ್ ಗೋಡೆ ಎದುರು, ಸಮತಟ್ಟಾದ ಕಣದಲ್ಲಿ, ಮೂಟೆ ಹೇರಿಸಿ, ಹತ್ತು ಮೀಟರ್ ಹಿಂದೆ ಗಾಡಿ ನಿಲ್ಲಿಸಿ. ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ ಒಂದು ಗೇಣು ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿ, ಬೋಲ್ಟ್ ಬಿಗಿ ಮಾಡಿ. ಸ್ಪ್ಯಾನರ್ ಬಿಟ್ಟರೆ ಬೇರೇನೂ ಖರ್ಚಿಲ್ಲ.